ಘಟ್ಟ ಹತ್ತಿ ಬಂದ ಸಮುದ್ರ

ನರಸಿಂಹರಾಜಪುರ
20-8-2006

ಮೊದಲು ಈ ಕಾಗದ ಒಡೆದು ಓದುತ್ತಿರುವ ವಾರ್ಡನ್ನಮ್ಮನವರಿಗೆ.

ತಾಯೀ, ಕವರಿನ ಮೇಲೆ ರಶ್ಮಿ ಅಂತ ದಪ್ಪಗೆ ಬರೆದಿದ್ದೇನೆ. ನಾನು ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಟ್ಟವಳು. ಆದರೂ ಯಾವುದು ನನ್ನ ಹೆಸರು, ಯಾವುದು ಮಂದಿಯ ಹೆಸರು ಅಂತ ತಿಳಿಯುತ್ತದೆ. ಅಷ್ಟು ಓದಿದ ನಿಮಗೆ ತಿಳಿಯುವುದಿಲ್ಲ ಅಂದರೆ ಏನು ಹೇಳಲಿ. ಹುಡುಗಿಯರಿಗೆ ಬರುವ ಕಾಗದವನ್ನೆಲ್ಲ ಒಡೆದು ಹುಡುಗರ ಹೆಸರು ಹುಡುಕುತ್ತೀರಂತೆ. ಇದರಲ್ಲಿರುವುದು ಮುದುಕಿಯ ಬೈಗುಳ. ಬೇಕಿದ್ದರೆ ಓದಿ. ಓದಿ ಆದ ಮೇಲೆ ಅಂಟು ಹಚ್ಚಿ ಅವಳ ಕೈಗೇ ಕೊಡಿ. ಬೇಸಿಗೆಯಲ್ಲಿ ನಾನು ಅವಳ ಸೋದರಮಾವನ ಮನೆಗೆ ಹೋದಾಗ ನನ್ನ ಹಳೇ ಕಾಗದ ತೋರಿಸಿದಳು. ಮೇಲೆ ಚಾ ಲೋಟದ ಉಂಗುರ ಇತ್ತು. ಈ ಸಲ ಲೋಟ ಬೇರೆ ಕಡೆ ಇಡಿ.

ಈಗ ನೀನು, ರಶ್ಮಿ. ದಾವಣಗೆರೆಯಲ್ಲಿ ಪೋಸ್ಟಾಫೀಸು ಮುಚ್ಚಿದರಾ? ರೋಗಿಗಳಿಗೆ ಸೂಜಿ ಚುಚ್ಚುವ ಕೈಗೆ ಪೆನ್ನು ಭಾರವಾಗುತ್ತದಾ? ಫೋನು ಮಾಡು ಅಂತೀಯ. ಫೋನು ಇರುವುದು ನಡುಮನೆಯಲ್ಲಿ, ನಿನ್ನ ಅಪ್ಪನ ಕುರ್ಚಿಯ ಪಕ್ಕ. ಅವನ ಎದುರಿಗೆ ಆಡುವ ಮಾತಲ್ಲ ಇದು. ನೀನೋ ಫೋನಿನಲ್ಲಿ ಹೂಂ, ಉಹೂಂ ಬಿಟ್ಟು ಮೂರನೇ ಮಾತು ಆಡುವವಳಲ್ಲ. ಅದಕ್ಕೇ ಕಾಗದ.

ಸಂಗತಿ ಏನೆಂದರೆ, ನಿನ್ನ ಅಪ್ಪ ಗಾಜಿನ ಪೆಟ್ಟಿಗೆ ತಂದಿದ್ದಾನೆ.

ನೀನು ಇದನ್ನು ಓದಿ ಕಾಗದ ಮಡಿಸಿಡುತ್ತೀಯ ಅಂತ ಗೊತ್ತು. ಮಡಿಸಬೇಡ, ಪೂರ್ತಿ ಓದು. ನಿನ್ನ ಅಮ್ಮ ಹೋದ ಮೇಲೆ ಮಂಗಳೂರು ಬಿಟ್ಟು ಬಂದು ಇಲ್ಲಿ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾ ಕೂತವನು ಎಂಟು ವರ್ಷ ಮೀನಿನ ಹೆಸರು ಎತ್ತಿರಲಿಲ್ಲ. ಪೇಟೆಯಲ್ಲಿ ಹಿನ್ನೀರಿನ ಮೀನು ಮಾರುವವರು ಕೂತ ಬೀದಿ ಬಿಟ್ಟು ಸುತ್ತುಹಾಕಿ ಮನೆಗೆ ಬರುತ್ತಿದ್ದ. ಹೋದ ಸೋಮವಾರ ಆಟೋದಿಂದ ಪೆಟ್ಟಿಗೆ ಇಳಿಸಿದ. ದೊಡ್ಡದಲ್ಲ, ನನ್ನ ಮದುವೆಯ ಟ್ರಂಕಿನಷ್ಟು. ಕಿಟಕಿ ಕೆಳಗೆ ಕಬ್ಬಿಣದ ಸ್ಟ್ಯಾಂಡ್ ಮೇಲೆ ಇಟ್ಟ.

"ಏನಿದು ಮಹೇಶ್ವರ" ಅಂದೆ.

"ಸಮುದ್ರ ಅವ್ವ. ಚಿಕ್ಕದು" ಅಂದ.

"ಮಂಗಳೂರಿನಲ್ಲಿ ಒಂದು ಸಮುದ್ರ ಮಾಡಿದ್ದು ಸಾಕಾಗಲಿಲ್ಲವಾ" ಅಂದೆ. ಆ ಮಾತು ಆಡಬಾರದಿತ್ತು. ಅವನು ಗಾಜು ಒರೆಸಿದ.

ಪಕ್ಕದ ಮನೆ ಸುಲೋಚನಮ್ಮ ಬೇಲಿಯಾಚೆಯಿಂದಲೇ ಶುರು ಮಾಡಿದಳು. "ವೀರಬಸಮ್ಮ, ಲಿಂಗ ಕಟ್ಟಿದವರ ಮನೆಯಲ್ಲಿ ಮೀನಂತೆ. ಸಾಕೋದಕ್ಕೋ, ಸಾರಿಗೋ?"

"ಎರಡಕ್ಕೂ ಅಲ್ಲ ಮಾರಾಯ್ತಿ, ನನ್ನ ತಲೆ ತಿನ್ನೋದಕ್ಕೆ" ಅಂದೆ.

ಅವನ ಹವಾಯಿ ಚಪ್ಪಲಿಯ ಅಭ್ಯಾಸವಂತೂ ಬಿಟ್ಟಿಲ್ಲ. ಹಿಮ್ಮಡಿ ಒಡೆಯುತ್ತದೆ ಅಂತ ಮಂಗಳೂರಿನಲ್ಲಿ ಮನೆಯೊಳಗೂ ಹಾಕಲು ಕಲಿತದ್ದು, ಈಗ ಇಲ್ಲೂ ಅದೇ. ಹಾಸಿಗೆಯಿಂದ ಇಳಿದರೆ ಮಲಗುವವರೆಗೆ ಪಟಪಟ ಪಟಪಟ. ನಾನು ಪೂಜೆಗೆ ಕೂತಾಗಲೂ ಪಟಪಟ. ಇದೇನು ಮನೆಯಾ ಬಸ್‌ಸ್ಟ್ಯಾಂಡಾ ಅಂತ ದಿನಾ ಬೈಯುತ್ತೇನೆ. ಈ ವಿಷಯದಲ್ಲಾದರೂ ನೀನು ನನ್ನ ಕಡೆ ಅಂದುಕೊಂಡಿದ್ದೇನೆ.

ಉತ್ತರ ಬರಿ.

ನಿನ್ನ ಅಜ್ಜಿ
ವೀರಬಸಮ್ಮ


ನರಸಿಂಹರಾಜಪುರ
2-10-2006

ರಶ್ಮಿ,

ನಿನ್ನ ಕಾರ್ಡು ಬಂತು. ಎರಡು ಸಾಲು ಬರೆಯಲು ಆರು ವಾರ ಬೇಕಾಯಿತಾ? "ಆ ಪೆಟ್ಟಿಗೆ ಇರುವವರೆಗೆ ನಾನು ಆ ಮನೆಗೆ ಬರುವುದಿಲ್ಲ. ಅವರ ಸುದ್ದಿ ಬರೆಯಬೇಡ ಅಜ್ಜಿ." ಅವರು ಅಂದರೆ ಯಾರು? ಅಪ್ಪ ಅಂತ ಬರೆದರೆ ಶಾಯಿ ಮುಗಿಯುತ್ತದಾ? ಪೆಟ್ಟಿಗೆ ಇಲ್ಲದಿದ್ದಾಗಲೂ ನೀನು ಈ ಮನೆಗೆ ಬಂದದ್ದು ನಾನು ನೋಡಿಲ್ಲ. ಬರೆಯಬೇಡ ಅಂದರೆ ಬಿಡುವವಳು ನಾನಲ್ಲ. ಕೇಳು.

ಸಮುದ್ರ ಬಸ್ಸಿನಲ್ಲಿ ಬಂತು. ಮಂಗಳೂರಿನ ಲಾಡ್ಜಿನಲ್ಲಿ ನಿನ್ನ ಅಪ್ಪನ ಜೊತೆ ಕೆಲಸ ಮಾಡಿದವರೊಬ್ಬರು ಈಗ ಮಲ್ಪೆಯಲ್ಲಿದ್ದಾರೆ. ಅವರು ಬಿಳಿ ಕ್ಯಾನುಗಳಲ್ಲಿ ನೀರು ತುಂಬಿ ಬಸ್ಸಿಗೆ ಹಾಕುವುದು, ಅದು ಆಗುಂಬೆ ಘಟ್ಟ ಹತ್ತಿ ಕೊಪ್ಪಕ್ಕೆ ಬರುವುದು, ಇವನು ಕೊಪ್ಪದಲ್ಲಿ ಇಳಿಸಿ ಇಲ್ಲಿಯ ಬಸ್ಸಿಗೆ ಏರಿಸುವುದು. ಒಂದು ಸಲ ಮುಚ್ಚಳ ಸಡಿಲವಾಗಿ ಬಾಳಗಡಿಯ ಹೆಂಗಸೊಬ್ಬಳ ಸೆರಗು ನೆನೆಯಿತಂತೆ. ಅವಳು ನೆಕ್ಕಿ ನೋಡಿ, ಯಾರಪ್ಪ ಉಪ್ಪು ಜಾಸ್ತಿಯಾದ ಮಜ್ಜಿಗೆ ಸಾಗಿಸೋರು ಅಂತ ಕೇಳಿದಳಂತೆ. ನಿನ್ನ ಅಪ್ಪ ಅದನ್ನು ಹೇಳಿ ನಕ್ಕ. ಅವನು ನಗುವುದನ್ನು ಕೇಳಿ ನಾನು ಒಲೆ ಮುಂದೆ ಎದ್ದು ನಿಂತೆ. ಎಷ್ಟು ಕಾಲವಾಗಿತ್ತು.

ನೀರಿನ ಜೊತೆ ಕಲ್ಲು ಬಂತು. ಕಲ್ಲಿನೊಳಗೆ ಜೀವ ಇದೆಯಂತೆ. ಹವಳ ಅಂದರೆ ಉಂಗುರಕ್ಕೆ ಹಾಕುವುದು ಅಂತ ನಾನು ತಿಳಿದದ್ದು. ಇವನು ಅದಕ್ಕೆ ಹೊಟ್ಟೆ ಇದೆ, ಬಾಯಿ ಇದೆ, ಕತ್ತಲಾದರೆ ಬೆರಳು ಚಾಚುತ್ತದೆ ಅಂತಾನೆ. ಆಮೇಲೆ ಒಂದು ಹೂವು. ಹೂವಲ್ಲ, ಅದೂ ಪ್ರಾಣಿಯೇ. ಅದರ ದಳಗಳ ನಡುವೆ ಮಲಗುವ ಕೇಸರಿ ಬಣ್ಣದ ಮೀನು. ನೀನು ಚಿಕ್ಕವಳಿದ್ದಾಗ ಅದಕ್ಕೆ ಹೂವಿನ ಮನೆ ಮೀನು ಅಂತಿದ್ದೆಯಂತೆ. "ರಶ್ಮಿಯ ಕೋರ್ಸು ಮುಗಿಯುತ್ತೆ ಅವ್ವ. ಬಂದರೆ ನೋಡಲಿ" ಅಂದ.

"ಅವಳ ಅಮ್ಮನನ್ನು ತಿಂದ ನೀರನ್ನೇ ಅವಳಿಗೆ ತೋರಿಸ್ತೀಯ?"

"ಅದಕ್ಕೇ ಹೀಗೆ ಮಾಡಿದ್ದು. ಯಾರೂ ಕೈ ಹಾಕಬಾರದು. ಎಲ್ಲ ತಾನೇ ನಡೀಬೇಕು."

ನಿಜವಾಗಿಯೂ ತಾನೇ ನಡೆಯುತ್ತದೆ. ಬೆಳಗಾದರೆ ದೀಪ ತಾನೇ ಹತ್ತುತ್ತದೆ, ಸಂಜೆ ತಾನೇ ಆರುತ್ತದೆ. ಅಲೆ ಎಬ್ಬಿಸುವ ಮೋಟರು ಸ್ವಲ್ಪ ಹೊತ್ತು ಈ ಕಡೆ ತಳ್ಳುತ್ತದೆ, ಸ್ವಲ್ಪ ಹೊತ್ತು ಆ ಕಡೆ. ನೀರು ತಣ್ಣಗಾದರೆ ಗಾಜಿನ ಕೊಳವೆಯ ಹೀಟರು ಕೆಂಪಗೆ ಕಣ್ಣು ಬಿಡುತ್ತದೆ. ನೀರು ಇಳಿದರೆ ತೇಲುವ ಚೆಂಡು ತಾನೂ ಇಳಿದು, ಪಕ್ಕದ ಡ್ರಮ್ಮಿನಿಂದ ಸಿಹಿನೀರು ಬಿಡುತ್ತದೆ. ಸಮುದ್ರಕ್ಕೆ ಉಪ್ಪುನೀರಲ್ಲವಾ ಹಾಕಬೇಕು ಅಂದೆ. ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತೆ ಅವ್ವ ಅಂದ.

"ನಾನಿಲ್ಲದಿದ್ದರೂ ನಡೆಯುತ್ತೆ" ಅಂದ.

"ನೀನೆಲ್ಲಿಗೆ ಹೋಗ್ತೀಯ?"

"ಮಿಲ್ಲಿಗೆ. ಇನ್ನೆಲ್ಲಿಗೆ" ಅಂದ.

ರಶ್ಮಿ, ಆ ದಿನ ಮಂಗಳೂರಿನಲ್ಲಿ ನಾನಿರಲಿಲ್ಲ. ನೀನಿದ್ದೆ. ಅನ್ನಪೂರ್ಣ ಸ್ನಾನ ಮಾಡಿ ಪೂಜೆಗೆ ಹೊರಟಿದ್ದಳು. ಮೀನಿನ ತೊಟ್ಟಿಯ ಪೈಪು ಕಳಚಿ ನೀರು ನೆಲಕ್ಕೆ ಸುರಿಯುತ್ತಿತ್ತು. ಕೂಗಿದಳು. ನಿನ್ನ ಅಪ್ಪ ಅಂಗಳದಲ್ಲಿ ಗಡ್ಡ ಹೆರೆಯುತ್ತಿದ್ದವನು, "ಈಗಷ್ಟೇ ನಾನು ಕೈ ಹಾಕಿದ್ದೆ, ಏನೂ ಆಗಲ್ಲ, ಸಿಕ್ಕಿಸು" ಅಂದ. ಅವಳು ಕೈ ಹಾಕಿದಳು, ಕರೆಂಟು ಹೊಡೆಯಿತು. ಅಷ್ಟೇ. ಐದನೇ ಕ್ಲಾಸಿನ ಕೂಸು ನೀನು, ಹೆಣದ ಮುಂದೆ ಎಲ್ಲರೆದುರು ಹೇಳಿದೆ, ಅಪ್ಪ ಸುಳ್ಳು ಹೇಳಿದ, ಅಪ್ಪ ಕೈ ಹಾಕೇ ಇರಲಿಲ್ಲ, ತನಗೆ ಹೆದರಿಕೆಯಾಗಿ ಅಮ್ಮನನ್ನು ಕಳಿಸಿದ ಅಂತ. ನಿನ್ನ ಸೋದರಮಾವ ಅಲ್ಲಿಂದಲೇ ನಿನ್ನನ್ನು ಕರಕೊಂಡು ಹೋದ. ಪೊಲೀಸರು ಕೇಳಿದಾಗಲೂ ನಿನ್ನ ಅಪ್ಪ ಹೇಳಿದ್ದು ಒಂದೇ. ಕೈ ಹಾಕಿದ್ದೆ, ಏನೂ ಆಗಲಿಲ್ಲ.

ಇಷ್ಟು ನೀನೂ ಬಲ್ಲೆ, ನಾನೂ ಬಲ್ಲೆ. ಆದರೂ ಒಂದು ಸಲ ಬರೆದಿಟ್ಟೆ, ನಾವಿಬ್ಬರೂ ಅದನ್ನು ಬಿಟ್ಟು ಉಳಿದದ್ದನ್ನೇ ಮಾತಾಡುತ್ತೇವಲ್ಲ ಅಂತ.

ಚಳಿಗೆ ಸ್ವೆಟರು ಹೆಣೆದಿದ್ದೇನೆ. ತೋಳು ಉದ್ದವಾಗಿದೆ, ಮಡಚಿ ಹಾಕಿಕೋ.

ಅಜ್ಜಿ
ವೀರಬಸಮ್ಮ


ನರಸಿಂಹರಾಜಪುರ
15-11-2006

ರಶ್ಮಿ,

ದೀಪಾವಳಿಗೂ ಬರಲಿಲ್ಲ, ಕಾರ್ಡೂ ಇಲ್ಲ. ಸ್ವೆಟರು ತಲುಪಿತೋ, ಅದನ್ನೂ ವಾರ್ಡನ್ನಮ್ಮ ಒಡೆದು ಹಾಕಿಕೊಂಡರೋ.

ಇಲ್ಲಿ ಒಂದು ವಿಚಿತ್ರ ಶುರುವಾಗಿದೆ. ಯಾರಿಗೆ ಹೇಳಲಿ ಗೊತ್ತಾಗದೆ ನಿನಗೆ ಬರೆಯುತ್ತಿದ್ದೇನೆ.

ಉಪ್ಪು ಹತ್ತಿ ಬರುತ್ತಿದೆ. ಪೆಟ್ಟಿಗೆಯ ಅಂಚಿನಲ್ಲಿ ಮೊದಲು ಬೆಳ್ಳಗೆ ಬೂಷ್ಟು ಹಿಡಿದ ಹಾಗೆ ಇತ್ತು. ಒರೆಸಿದರೆ ಹೋಗುತ್ತದೆ, ಮತ್ತೆ ಬರುತ್ತದೆ. ಈಗ ವೈರುಗಳ ಮೇಲೆ ತೆವಳಿ ತೆವಳಿ ಗೋಡೆಯ ಪ್ಲಗ್ಗಿನವರೆಗೆ ಹೋಗಿದೆ. ನೀರಿನಲ್ಲಿ ಇರಬೇಕಾದದ್ದು ಮನೆಯೊಳಗೆ ದಾರಿ ಹುಡುಕಿದ ಹಾಗೆ ಕಾಣುತ್ತದೆ. ಗಲೀಜು ನೋಡಿ ಸುಮ್ಮನಿರುವ ಜಾತಿ ನಾನಲ್ಲ. ಬೆಳಗ್ಗೆ ಸ್ನಾನ ಮಾಡಿ ಬಂದವಳು, ಪೂಜೆಗೆ ಕೂರುವ ಮೊದಲು ಒದ್ದೆ ಬಟ್ಟೆ ತಗೊಂಡು ಅಂಚು ಒರೆಸಿದೆ. ಬೆರಳು ನೀರಿಗೆ ತಾಗಿತು.

ಜುಂ ಅಂತು.

ಮೊಣಕೈವರೆಗೆ ಇರುವೆ ಹರಿದ ಹಾಗೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಒಳಗಿನಿಂದ ಯಾರೋ ಮೆತ್ತಗೆ ಕೈ ಹಿಡಿದ ಹಾಗೆ. ನನಗೆ ಯಾರ ನೆನಪಾಯಿತು ಅಂತ ನಿನಗೆ ಹೇಳಬೇಕಾಗಿಲ್ಲ.

ಮಹೇಶ್ವರನನ್ನು ಕರೆದೆ. ಅವನು ಪಟಪಟ ಬಂದ. ಕೈ ಹಾಕಬಾರದು ಅಂದವನು ತಾನೇ ಬೆರಳು ಅದ್ದಿದ, ಆಮೇಲೆ ಮುಂಗೈ ಪೂರ್ತಿ ಅದ್ದಿದ. ಟೆಸ್ಟರು ತಂದು ಇಟ್ಟ. ಅದರ ದೀಪ ಹತ್ತಿದ ಹಾಗೆ ಕಾಣಲಿಲ್ಲ. ನನ್ನ ಮುಖ ನೋಡಿ ಹೇಳಿದ.

"ಏನೂ ಇಲ್ಲ ಅವ್ವ. ಈಗಷ್ಟೇ ಕೈ ಹಾಕಿದೆನಲ್ಲ, ಏನೂ ಆಗಲಿಲ್ಲ."

ಹೇಳಿದ ಮೇಲೆ ಅವನಿಗೂ ಆ ಮಾತು ಕೇಳಿಸಿತು. ಕೈ ಒರೆಸಿಕೊಳ್ಳದೆ ಹೊರಗೆ ಹೋದ. ನೆಲದ ಮೇಲೆ ಹನಿ ಬಾಗಿಲವರೆಗೆ ಬಿದ್ದಿತ್ತು.

ಮಾರನೇ ದಿನ ಸುಲೋಚನಮ್ಮ ಹಪ್ಪಳ ಕೊಡಲು ಬಂದಳು. ನಾನು ಹೇಳುವ ಮೊದಲೇ ಮೀನು ನೋಡುತ್ತೇನೆ ಅಂತ ಅಂಚಿಗೆ ಕೈ ಇಟ್ಟಳು. "ಅಯ್ಯೋ ಶಿವನೇ" ಅಂತ ಹಿಂದೆ ಸರಿದಳು. ಆಮೇಲೆ ನಿಧಾನವಾಗಿ ಇನ್ನೊಂದು ಸಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

"ಶಕ್ತಿ ಇದೆ ವೀರಬಸಮ್ಮ. ಎಷ್ಟಾದರೂ ಗಂಗಮ್ಮ ಅಲ್ಲವಾ."

"ಗಂಗಮ್ಮ ಮಲ್ಪೆಯಿಂದ ಟಿಕೇಟು ತಗೊಂಡು ಬರ್ತಾಳಾ?"

"ನಿಮಗೆ ಎಲ್ಲದಕ್ಕೂ ತಮಾಷೆ" ಅಂದಳು.

ಅವಳ ಬಾಯಿ ಗೊತ್ತಲ್ಲ. ಈಗ ಬೀದಿಯ ಹೆಂಗಸರೆಲ್ಲ ಬರುತ್ತಾರೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕಾಲು ತೊಳೆದು, ದಾಸವಾಳ ಹಿಡಿದು ಬರುತ್ತಾರೆ. ಒಬ್ಬೊಬ್ಬರೂ ಮುಟ್ಟುತ್ತಾರೆ. ಒಬ್ಬೊಬ್ಬರಿಗೂ ಜುಂ ಅನ್ನುತ್ತದೆ. ಮುಟ್ಟಬೇಡಿ ಅಂತ ಮಹೇಶ್ವರ ರಟ್ಟಿನ ಮೇಲೆ ಬರೆದು ಇಟ್ಟ. ಅವರು ಆ ರಟ್ಟಿಗೂ ಕುಂಕುಮ ಹಚ್ಚಿದರು. ಬೀದಿಗೆಲ್ಲ ಕೈ ಕೊಡುವ ನೀರು ಮನೆಯ ಯಜಮಾನನಿಗೆ ಮಾತ್ರ ಸುಮ್ಮನಿರುತ್ತದೆ.

ಅಪ್ಪ ಸುಳ್ಳ ಅಂತ ನೀನು ಎಂಟು ವರ್ಷ ಹೇಳಿಕೊಂಡು ಬಂದದ್ದು ನನಗೆ ಈಗ ತಲೆಯಲ್ಲಿ ಕೊರೆಯುತ್ತಿದೆ. ಅವನಿಗೂ ತಾಗುತ್ತದೆ, ಹೇಳುವುದಿಲ್ಲ ಅಂತಲಾ? ಆದರೆ ನಾನು ಅವನ ಮುಖ ನೋಡುತ್ತಾ ನಿಂತಿದ್ದೆ. ಹೆತ್ತವಳು ನಾನು. ಅವನಿಗೆ ಏನೂ ಆಗಲಿಲ್ಲ.

ನೀನು ನರ್ಸಿಂಗ್ ಓದುವವಳು. ಒಂದೇ ನೀರು ಎಲ್ಲರಿಗೂ ಕಚ್ಚಿ ಒಬ್ಬನನ್ನು ಬಿಡುವುದು ಹೇಗೆ ಅಂತ ನಿನ್ನ ಪುಸ್ತಕದಲ್ಲಿ ಇದ್ದರೆ ಬರಿ. ಬೇಗ ಬರಿ. ನನಗೆ ಆ ಕಿಟಕಿಯ ಕಡೆ ಹೋಗಲು ಹೆದರಿಕೆಯಾಗುತ್ತಿದೆ, ಹೋಗದೆ ಇರಲೂ ಆಗುತ್ತಿಲ್ಲ.

ಅಜ್ಜಿ
ವೀರಬಸಮ್ಮ


ನರಸಿಂಹರಾಜಪುರ
8-12-2006

ರಶ್ಮಿ,

ಹೆದರಿಸಿದ ಮೇಲಾದರೂ ಇನ್‌ಲ್ಯಾಂಡ್ ಬರೆದೆಯಲ್ಲ, ಸಂತೋಷ. "ಅಜ್ಜಿ, ಅದು ಶಕ್ತಿಯಲ್ಲ, ಕರೆಂಟು. ಮುಟ್ಟಬೇಡ. ಅವರಿಗೂ ತಾಗುತ್ತದೆ, ಒಪ್ಪಿಕೊಳ್ಳುವುದಿಲ್ಲ. ಅಂದೂ ಹೀಗೇ ಸುಳ್ಳು." ಕರೆಂಟು ಅಂತ ಬರೆದದ್ದು ಸರಿ. ಕೊನೆಯ ಮಾತು ತಪ್ಪು. ಹೇಗೆ ತಪ್ಪು ಅಂತ ಹೇಳುತ್ತೇನೆ, ಕೂತುಕೊಂಡು ಓದು.

ಈ ವಾರ ಚಳಿ ಬಿದ್ದಿದೆ. ಕೆಂಪು ನೆಲ ಐಸಿನ ಹಾಗೆ ಇರುತ್ತದೆ. ನಿನ್ನೆ ನಿನ್ನ ಅಪ್ಪ ಚರ್ಮದ ಚಪ್ಪಲಿ ಮೆಟ್ಟಿಕೊಂಡು ಮಿಲ್ಲಿಗೆ ಹೋದ. ಅವನ ಹವಾಯಿ ಚಪ್ಪಲಿ ಪೆಟ್ಟಿಗೆಯ ಎದುರಿಗೇ ಬಿಟ್ಟಿದ್ದ. ನಾನು ಸ್ನಾನ ಮಾಡಿ ಬಂದೆ. ಪಾದ ಜೋಮು ಹಿಡಿದಿತ್ತು. ಯಾರೂ ಇಲ್ಲ ಅಂತ ನೋಡಿಕೊಂಡು ಆ ಚಪ್ಪಲಿಗೆ ಕಾಲು ತೂರಿಸಿದೆ. ಮನೆಯೊಳಗೆ ಚಪ್ಪಲಿ ಹಾಕಿದ್ದು ನನ್ನ ಜನ್ಮದಲ್ಲೇ ಮೊದಲು. ಸುಲೋಚನಮ್ಮನಿಗೆ ಗೊತ್ತಾದರೆ ಊರೆಲ್ಲ ಡಂಗುರ.

ಹಾಗೇ ಪೆಟ್ಟಿಗೆಯ ಅಂಚು ಒರೆಸಿದೆ. ಬೆರಳು ನೀರಿಗೆ ತಾಗಿತು. ಏನೂ ಆಗಲಿಲ್ಲ.

ಮತ್ತೆ ಮುಟ್ಟಿದೆ. ಏನೂ ಇಲ್ಲ. ಚಪ್ಪಲಿ ಬಿಟ್ಟು ನೆಲದ ಮೇಲೆ ನಿಂತು ತುದಿಬೆರಳು ತಾಗಿಸಿದೆ. ಜುಂ. ಚಪ್ಪಲಿ ಹಾಕಿದೆ. ಇಲ್ಲ. ನೀನು ಬೈಯುತ್ತೀಯ, ಬೈಯಿ. ಮುದುಕಿಗೆ ಹುಚ್ಚು ಹಿಡಿದ ಹಾಗೆ ಹಾಕಿ ಬಿಟ್ಟು, ಹಾಕಿ ಬಿಟ್ಟು ನೋಡಿದೆ. ಆಮೇಲೆ ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟೆ.

ನಮ್ಮ ಮನೆಗೆ ಬರುವವರೆಲ್ಲ ಬಾಗಿಲಲ್ಲೇ ಚಪ್ಪಲಿ ಬಿಡುತ್ತಾರೆ. ಒಳಗೂ ಮೆಟ್ಟಿಕೊಂಡು ತಿರುಗುವವನು ಅವನೊಬ್ಬನೇ.

ಈಗ ಮಂಗಳೂರಿನ ಆ ಬೆಳಗ್ಗೆ ನೆನಪು ಮಾಡಿಕೋ. ಶ್ರಾವಣ ಸೋಮವಾರ. ನಿನ್ನ ಅಮ್ಮ ತಲೆಗೆ ನೀರು ಹಾಕಿಕೊಂಡು ಪೂಜೆಗೆ ಹೊರಟವಳು. ನನ್ನ ಸೊಸೆ, ನಾನು ಕಲಿಸಿದ ಹಾಗೆ ನಡೆಯುವವಳು, ಸ್ನಾನ ಮಾಡಿದ ಮೇಲೆ ಚಪ್ಪಲಿ ಮುಟ್ಟುತ್ತಾಳಾ? ನೀನೇ ನನಗೆ ಹೇಳಿದ್ದೆ. ಅಮ್ಮನನ್ನು ಮಲಗಿಸಿದ ಮೇಲೂ ಬಚ್ಚಲಿನಿಂದ ತೊಟ್ಟಿಯವರೆಗೆ ಅವಳ ಒದ್ದೆ ಹೆಜ್ಜೆ ನೆಲದ ಮೇಲೆ ಇತ್ತು, ಒಂದೊಂದೇ ಆರುತ್ತಾ ಹೋಯಿತು, ನಾನು ನೋಡುತ್ತಾ ಕೂತಿದ್ದೆ ಅಂತ.

ಹೆಜ್ಜೆ ಇತ್ತು ರಶ್ಮಿ. ಬರಿಗಾಲಿನ ಹೆಜ್ಜೆ.

ಅವನು ಕೈ ಹಾಕಿದ್ದು ನಿಜ. ಅವನಿಗೆ ಏನೂ ಆಗದಿದ್ದದ್ದೂ ನಿಜ. ಏನೂ ಆಗಲ್ಲ ಅಂದದ್ದನ್ನು ನಂಬಿಯೇ ಅಂದದ್ದು. ಅವನಿಗೆ ಇವತ್ತಿಗೂ ಯಾಕೆ ಅಂತ ಗೊತ್ತಿಲ್ಲ. ತನ್ನನ್ನು ಬಿಟ್ಟು ಅವಳನ್ನು ಯಾಕೆ ಅಂತ ಎಂಟು ವರ್ಷದಿಂದ ಕೇಳಿಕೊಳ್ಳುತ್ತಿದ್ದಾನೆ.

ಅವನಿಗೆ ಇನ್ನೂ ಹೇಳಿಲ್ಲ. ಮೊದಲು ನಿನಗೆ ಹೇಳಬೇಕು ಅನ್ನಿಸಿತು. ನೀನು ಅವನಿಗೆ ಒಂದು ಸಾಲು ಬರೆದರೆ ನಾನು ಹೇಳುವುದು ಸುಲಭವಾಗುತ್ತದೆ. ಆದರೆ ಹೆಚ್ಚು ದಿನ ಕಾಯುವುದಿಲ್ಲ. ಬೀದಿಯ ಹೆಂಗಸರಿಗೆ ಬಾಗಿಲು ಹಾಕಿದ್ದೇನೆ. ಗಂಗಮ್ಮನ ದರ್ಶನ ನಿಲ್ಲಿಸಿದ ಪಾಪಿ ಅಂತ ಬೈಯುತ್ತಿದ್ದಾರೆ.

ಅಜ್ಜಿ
ವೀರಬಸಮ್ಮ


ನರಸಿಂಹರಾಜಪುರ
27-12-2006

ರಶ್ಮಿ,

ನಿನ್ನ ಸಾಲು ಬರಲಿಲ್ಲ. ಕಾದು ಕಾದು ನಾನೇ ಹೇಳಿದೆ.

ಊಟಕ್ಕೆ ಕೂತಿದ್ದ. ಚಪ್ಪಲಿ ಕಥೆ ಹೇಳಿದೆ. ಅವನು ತುತ್ತು ತಟ್ಟೆಯಲ್ಲಿ ಇಟ್ಟು ತನ್ನ ಕಾಲು ನೋಡಿಕೊಂಡ. "ಹೌದಾ" ಅಂದ. ಅಷ್ಟೇ. ಅಳುತ್ತಾನೆ ಅಂದುಕೊಂಡಿದ್ದೆ. ಎದೆಯ ಕಲ್ಲು ಇಳಿಯಿತು ಅಂತಾನೆ ಅಂದುಕೊಂಡಿದ್ದೆ. ಕೈ ತೊಳೆದು ಮಿಲ್ಲಿಗೆ ಹೋದ.

ವೈರಿಂಗ್ ಮಾಡುವ ಬೂತಪ್ಪನನ್ನು ಕರೆಸಿದೆ. ಅವನು ನೋಡಿ ತಲೆ ಕೆರೆದುಕೊಂಡು ನಿಂತ. ಗೋಡೆಯ ಪ್ಲಗ್ಗಿಗೆ ಇರುವುದು ಎರಡೇ ತೂತು, ಹೀಟರಿನ ಪಿನ್ನಿಗೆ ಮೂರು ಕಾಲು. ಮೂರನೆಯದನ್ನು ಮುರಿದು ತೂರಿಸಿದವನು ಇದೇ ಬೂತಪ್ಪ. "ಎಲ್ಲರ ಮನೆಯಲ್ಲೂ ಹಾಗೇ ಮಾಡೋದು ಅಮ್ಮ" ಅಂದ. "ಎಲ್ಲರ ಮನೆಯಲ್ಲೂ ಸಮುದ್ರ ಇದೆಯಾ" ಅಂದೆ. ಹಿತ್ತಲಿನಲ್ಲಿ ಗುಂಡಿ ತೆಗೆದು ಇದ್ದಿಲು, ಉಪ್ಪು ತುಂಬಿ ಅರ್ತಿಂಗ್ ಮಾಡಬೇಕಂತೆ. ಸದ್ಯಕ್ಕೆ ಕರೆಂಟು ಸೋರಿದರೆ ತಾನೇ ಬೀಳುವ ಒಂದು ಸ್ವಿಚ್ಚು ಹಾಕಿದ. ಗುಂಡಿಗೆ ಸಂಕ್ರಾಂತಿ ಕಳೆದ ಮೇಲೆ ಬರುತ್ತೇನೆ ಅಂದವನು ಶೃಂಗೇರಿ ಕಡೆ ಜಾತ್ರೆಯ ಲೈಟಿನ ಕೆಲಸಕ್ಕೆ ಹೋಗಿದ್ದಾನೆ.

ಆ ಸ್ವಿಚ್ಚು ಹೀಟರು ಕಣ್ಣು ಬಿಟ್ಟಾಗಲೆಲ್ಲ ಟಕ್ ಅಂತ ಬೀಳುತ್ತದೆ. ಬಿದ್ದರೆ ಎಲ್ಲ ನಿಲ್ಲುತ್ತದೆ. ಅಲೆ ಇಲ್ಲ, ದೀಪ ಇಲ್ಲ. ಹೂವು ಮುದುಡಿಕೊಳ್ಳುತ್ತದೆ. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತದೆ. ಹೊಸ ಹೀಟರು ಮಂಗಳೂರಿನಿಂದ ಬರಬೇಕು.

ಎಲ್ಲ ಸರಿಹೋಯಿತು ಅಂತ ಬರೆಯಲೆಂದೇ ಕೂತದ್ದು. ಬರೆಯುತ್ತಾ ಬರೆಯುತ್ತಾ ಯಾಕೋ ಮನೆ ಸುಮ್ಮನಿದೆ ಅನ್ನಿಸಿತು. ಏನು ಇಲ್ಲ ಅಂತ ಹುಡುಕಿದೆ. ಪಟಪಟ ಇಲ್ಲ.

ಎದ್ದು ಹೋಗಿ ನೋಡಿದೆ. ಅವನ ಹವಾಯಿ ಚಪ್ಪಲಿ ಹೊರಬಾಗಿಲಲ್ಲಿ, ನೆಂಟರು ಬಿಟ್ಟ ಹಾಗೆ ಜೋಡಿಸಿಟ್ಟಿತ್ತು.

ಅಜ್ಜಿ
ವೀರಬಸಮ್ಮ


ನರಸಿಂಹರಾಜಪುರ
17-1-2007

ವಾರ್ಡನ್ನಮ್ಮನವರೇ, ಈ ಸಲ ಇದನ್ನು ನೀವೇ ಮೊದಲು ಓದಿ. ಅವಳು ಒಡೆಯದೆ ಟ್ರಂಕಿಗೆ ಹಾಕಿದರೆ ಹೊರಗೆ ತೆಗೆಸಿ ಎದುರಿಗೆ ಕೂರಿಸಿ ಓದಿಸಿ. ನಿಮ್ಮನ್ನು ಬೈದದ್ದನ್ನು ಮರೆಯಿರಿ.

ರಶ್ಮಿ,

ಎಳ್ಳು ಬೆಲ್ಲ ಕಳಿಸಿದ್ದೇನೆ. ತಿನ್ನುತ್ತಾ ಓದಬೇಡ.

ಹೊಸ ಹೀಟರು ಬಂದಿಲ್ಲ. ಅವನು ತರಿಸಿಲ್ಲ. ಬೂತಪ್ಪ ಹಾಕಿದ ಸ್ವಿಚ್ಚನ್ನು ಬಿಟ್ಟು ಪಕ್ಕದಿಂದ ನೇರ ವೈರು ಎಳೆದಿದ್ದಾನೆ. ಯಾಕೋ ಅಂದರೆ, ಅದು ಸುಮ್ಮಸುಮ್ಮನೆ ಬೀಳುತ್ತೆ, ಜೀವಗಳು ಸಾಯುತ್ತವೆ ಅಂದ. ಅದು ಸುಮ್ಮಸುಮ್ಮನೆ ಬೀಳುವುದಿಲ್ಲ ಅಂತ ಅವನಿಗೂ ಗೊತ್ತು, ನನಗೂ ಗೊತ್ತು.

ಪೆಟ್ಟಿಗೆ ಈಗ ಎಷ್ಟು ಚೆನ್ನಾಗಿದೆ ಅಂದರೆ ನೋಡಲು ಭಯವಾಗುತ್ತದೆ. ಕಲ್ಲಿನ ಮೇಲೆಲ್ಲ ಬಣ್ಣ ಬಂದಿದೆ. ಯಾರೂ ಮುಟ್ಟದೆ ತಾನೇ ಉಂಡು, ತಾನೇ ಬೆಳಗಿ, ತಾನೇ ಮಲಗುತ್ತದೆ. ಮೀನಿಗೆ ಎಷ್ಟು ಚಿಟಿಕೆ ಹಾಕಬೇಕು, ಡ್ರಮ್ಮು ಯಾವಾಗ ತುಂಬಬೇಕು ಅಂತ ಹೋದ ವಾರ ಸುಲೋಚನಮ್ಮನನ್ನು ಕರೆದು ಕಲಿಸಿದ. ನೀನು ಊರಿಗೆ ಹೋಗ್ತೀಯಾ ಅಂದೆ. ಇಲ್ಲ ಅವ್ವ, ಯಾರಿಗಾದರೂ ಗೊತ್ತಿರಲಿ ಅಂತ ಅಂದ.

ದಿನಾ ಬೆಳಗ್ಗೆ ಸ್ನಾನ ಮಾಡಿ, ಮೈ ಸರಿಯಾಗಿ ಒರೆಸದೆ, ಬರಿಗಾಲಲ್ಲಿ ಅಲ್ಲಿ ಹೋಗಿ ನಿಲ್ಲುತ್ತಾನೆ. ಮೊದಮೊದಲು ನಿಲ್ಲುತ್ತಿದ್ದ ಅಷ್ಟೇ. ಆಮೇಲೆ ಬೆರಳು ತಾಗಿಸಿದ. ಈಗ ಮಣಿಕಟ್ಟಿನವರೆಗೆ ಹೋಗಿದೆ. ಹಲ್ಲು ಕಚ್ಚಿಕೊಂಡು ನಿಲ್ಲುತ್ತಾನೆ.

ಮೊನ್ನೆ ತೋಳು ಹಿಡಿದು ಎಳೆದೆ. ನನಗೂ ಹೊಡೆಯಿತು, ಇಬ್ಬರೂ ಗೋಡೆಗೆ ಬಿದ್ದೆವು. "ಏನು ಮಾಡ್ತಿದೀಯ ಮಹೇಶ್ವರ" ಅಂದೆ.

"ಅವಳಿಗೆ ಎಷ್ಟು ತಾಗಿರಬೇಕು ಅಂತ ನೋಡ್ತಿದ್ದೆ ಅವ್ವ" ಅಂದ. ಹಾಲು ಎಷ್ಟು ಕಾದಿದೆ ಅಂತ ನೋಡಿದೆ ಅನ್ನುವ ಹಾಗೆ.

ನಾನು ಸುಮ್ಮನಿದ್ದೇನೆ ಅಂದುಕೊಳ್ಳಬೇಡ. ಫ್ಯೂಸು ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡೆ. ಸಂಜೆ ಹೊಸದು ತಂದು ಹಾಕಿದ. ನನ್ನ ಪೂಜೆಯ ಮಣೆ ತಂದು ಪೆಟ್ಟಿಗೆಯ ಮುಂದೆ ಹಾಕಿದೆ, ನಿಂತರೆ ಮರದ ಮೇಲಾದರೂ ನಿಲ್ಲಲಿ ಅಂತ. ದಿನಾ ಅದನ್ನು ಎತ್ತಿ ಗೋಡೆಗೆ ಒರಗಿಸಿ ಇಡುತ್ತಾನೆ. ನಾನು ಮತ್ತೆ ಹಾಕುತ್ತೇನೆ. ಕಲ್ಲೆತ್ತಿ ಗಾಜು ಒಡೆಯಲು ಹೋದೆ. "ಒಡಿ ಅವ್ವ. ರಶ್ಮಿ ನೋಡೋದೇ ಬೇಡ ಅಂದ್ರೆ ಒಡಿ" ಅಂದ. ಕೈ ಏಳಲಿಲ್ಲ. ಅದನ್ನು ಒಡೆದರೆ ಆಮೇಲೆ ಅವನು ಯಾವುದರ ಮುಂದೆ ಹೋಗಿ ನಿಲ್ಲುತ್ತಾನೋ ನನಗೆ ಗೊತ್ತಾಗುವುದಿಲ್ಲ. ಈಗ ಎಲ್ಲಿ ನಿಲ್ಲುತ್ತಾನೆ ಅಂತಾದರೂ ಗೊತ್ತಿದೆ.

ನಿನ್ನೆ ಅವನ ಹವಾಯಿ ಚಪ್ಪಲಿ ತೊಳೆದು ಒಳಗೆ ತಂದು, ದೇವರ ಮನೆಯ ಹೊಸ್ತಿಲಲ್ಲಿ ಇಟ್ಟೆ. ನಾನು, ವೀರಬಸಮ್ಮ, ನನ್ನ ಕೈಯಾರೆ. ಹಾಕ್ಕೊಳೋ, ದೇವರ ಮನೆಗೂ ಹಾಕ್ಕೊಂಡು ಬಾರೋ ಅಂದೆ. ನನ್ನನ್ನು ದಾಟಿಕೊಂಡು ಹೋದ. ಕೆಂಪು ನೆಲದ ಮೇಲೆ ಒದ್ದೆ ಹೆಜ್ಜೆ, ಬಚ್ಚಲಿನಿಂದ ಕಿಟಕಿಯವರೆಗೆ. ನಾನೂ ನಿನ್ನ ಹಾಗೆ ಅದು ಆರುವುದನ್ನು ನೋಡುತ್ತಾ ಕೂತಿದ್ದೆ.

ಇಷ್ಟು ವರ್ಷ ಅವನು ತನ್ನದೇನು ತಪ್ಪು ಅಂತ ತಿಳಿಯದೆ ಬದುಕಿದ್ದ. ತಾನು ಚಪ್ಪಲಿ ಮೆಟ್ಟಿಕೊಂಡು ಬರಿಗಾಲಿನವಳಿಗೆ ಸಿಕ್ಕಿಸು ಅಂದದ್ದೇ ತಪ್ಪು ಅಂತ ಈಗ ತಿಳಿಯಿತು ಅಂದುಕೊಂಡಿದ್ದಾನೆ. ನಾನು ತಪ್ಪಿಲ್ಲ ಅಂತ ತೋರಿಸಲು ಹೇಳಿದ ಮಾತನ್ನು ಅವನು ತಿರುಗಿಸಿ ಹಿಡಿದುಕೊಂಡಿದ್ದಾನೆ. ತಾಯಿ ಹೇಳಿದರೆ ಅದು ತಾಯಿ ಮಾತು, ಕಿವಿಗೆ ಹೋಗುವುದಿಲ್ಲ. ಅವನನ್ನು ಸುಳ್ಳ ಅಂದವಳು ನೀನು. ಸುಳ್ಳಲ್ಲ ಅಂತ ನೀನೇ ಹೇಳಬೇಕು. ಕ್ಷಮೆ ಗಿಮೆ ಏನೂ ಬೇಡ, ಅಷ್ಟು ದೊಡ್ಡ ಮಾತು ನಮ್ಮ ಮನೆಯಲ್ಲಿ ಯಾರಿಗೂ ಅಭ್ಯಾಸವಿಲ್ಲ. "ಅಪ್ಪ, ಚಪ್ಪಲಿ ಹಾಕ್ಕೋ" ಅಂತ ಬರೆದರೆ ಸಾಕು. ಅಪ್ಪ ಅನ್ನುವುದನ್ನು ಬಿಡಬೇಡ.

ಬೆಳಗಾದರೆ ನಾನು ಬಾಗಿಲ ಹತ್ತಿರ ಕೂತು ಕಿವಿ ಕೊಟ್ಟಿರುತ್ತೇನೆ. ಬಚ್ಚಲಿನ ಚಿಲಕ ತೆಗೆದ ಸದ್ದು ಬರುತ್ತದೆ. ಆಮೇಲೆ ಏನೂ ಕೇಳಿಸುವುದಿಲ್ಲ. ಆ ಏನೂ ಕೇಳಿಸದ ಹೊತ್ತು ದಿನದಿಂದ ದಿನಕ್ಕೆ ಉದ್ದವಾಗುತ್ತಿದೆ.

ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಬರಬೇಕು. ನನ್ನ ಹೆಸರಿಗೆ ಬರೆಯಬೇಡ, ಅವನ ಹೆಸರಿಗೆ ಬರಿ.

ಅಜ್ಜಿ
ವೀರಬಸಮ್ಮ